ಮೀಟರ್‌ನಿಂದ ಈಚೆ ಯಾರ ಹೊಣೆ? ‘ಶಾರ್ಟ್ ಸರ್ಕ್ಯೂಟ್’ ಎಂಬ ಉತ್ತರದಲ್ಲೇ ಮುಗಿದುಹೋಗುವ ತನಿಖೆಗಳು

2025ರ ಮೇ 18ರ ಬೆಳಗ್ಗೆ ಹೈದರಾಬಾದ್‌ನ ಚಾರ್‌ಮಿನಾರ್ ಬಳಿಯ ಗುಲ್ಜಾರ್ ಹೌಸ್ ಪ್ರದೇಶದ ಹಳೆಯ ಕಟ್ಟಡವೊಂದಕ್ಕೆ ಬೆಂಕಿ ಬಿತ್ತು. ಕೆಳಗೆ ಮುತ್ತಿನ ಅಂಗಡಿ, ಮೇಲೆ ಮನೆ. ಹೊರಗೆ ಬರಲು ಇದ್ದದ್ದು ಇಕ್ಕಟ್ಟಾದ ಒಂದೇ ದಾರಿ. ಒಂದೇ ಕುಟುಂಬಕ್ಕೆ ಸೇರಿದ 17 ಮಂದಿ ಪ್ರಾಣ ಕಳೆದುಕೊಂಡರು, ಅವರಲ್ಲಿ 8 ಮಕ್ಕಳು. ಮೂರು ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟ್ 16ರಂದು, ಬೆಂಗಳೂರಿನ ನಗರ್ತಪೇಟೆಯಲ್ಲಿ ಹೆಚ್ಚುಕಡಿಮೆ ಅದೇ ದೃಶ್ಯ. ಕೆಳಗೆ ವ್ಯಾಪಾರ, ಮೇಲೆ ವಾಸ. ಅಲ್ಲಿ ಸತ್ತವರು 5 ಮಂದಿ. ಎರಡೂ ಕಡೆ ಅಧಿಕಾರಿಗಳು ಮೊದಲ ದಿನವೇ ಹೇಳಿದ ಮಾತು ಒಂದೇ: ‘ಶಾರ್ಟ್ ಸರ್ಕ್ಯೂಟ್ ಶಂಕೆ’.

ಈ ಎರಡು ಪದ ನಮ್ಮ ದೇಶದಲ್ಲಿ ತನಿಖೆಯ ಆರಂಭ ಆಗಬೇಕಿತ್ತು. ಆದರೆ ಅದೇ ಅಂತ್ಯವಾಗಿಬಿಟ್ಟಿದೆ. ಶಾರ್ಟ್ ಸರ್ಕ್ಯೂಟ್ ಎಂದ ಕೂಡಲೇ ಸಿಡಿಲು ಬಡಿದ ಹಾಗೆ, ಯಾರ ಕೈಯಲ್ಲೂ ಇಲ್ಲದ ವಿಷಯ ಎಂಬ ಭಾವನೆ ಬರುತ್ತದೆ. ಮುಖ್ಯಮಂತ್ರಿಗಳಿಂದ ಪರಿಹಾರ ಘೋಷಣೆಯಾಗುತ್ತದೆ, ಕಟ್ಟಡದ ನಕ್ಷೆ ಸರಿಯಿತ್ತೇ, ಅಗ್ನಿಶಾಮಕ ವಾಹನ ಎಷ್ಟು ಹೊತ್ತಿಗೆ ಬಂತು ಎಂಬ ಚರ್ಚೆ ನಡೆಯುತ್ತದೆ. ಆ ಕಟ್ಟಡದ ವೈರಿಂಗ್ ಅನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ, ಪರೀಕ್ಷಿಸಬೇಕಾದವರು ಯಾರು ಎಂಬ ಪ್ರಶ್ನೆ ಮಾತ್ರ ಬಹುತೇಕ ಕೇಳಿಬರುವುದೇ ಇಲ್ಲ. ಮುಂಬಯಿ, ಪುಣೆ, ಚೆನ್ನೈ, ದೆಹಲಿಯಂತಹ ಊರುಗಳಲ್ಲಿ ಹಳೆಯ ಕಟ್ಟಡದ ಬಾಡಿಗೆ ಮನೆಯಲ್ಲೋ, ಪಿಜಿಯಲ್ಲೋ, ಅಂಗಡಿಯ ಮೇಲಿನ ಕೋಣೆಯಲ್ಲೋ ಇರುವವರಿಗೆ ಇದು ದೂರದ ಪ್ರಶ್ನೆಯಲ್ಲ.

ಶಾರ್ಟ್ ಸರ್ಕ್ಯೂಟ್ ಕಾರಣವೋ, ಫಲವೋ?

ಮೊದಲು ತಾಂತ್ರಿಕ ವಿಷಯ ಸ್ವಲ್ಪ ಬಿಡಿಸಿಕೊಳ್ಳೋಣ. ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ನೇರವಾಗಿ ಒಂದಕ್ಕೊಂದು ತಾಗಿದರೆ ಅದು ಶಾರ್ಟ್ ಸರ್ಕ್ಯೂಟ್. ಆಗ ನೂರಾರು ಆಂಪಿಯರ್ ಕರೆಂಟ್ ಒಮ್ಮೆಲೇ ಹರಿಯುತ್ತದೆ. ಎಂಸಿಬಿ ಇರುವುದೇ ಇದಕ್ಕಾಗಿ. ಸೆಕೆಂಡಿನ ಸಣ್ಣ ಭಾಗದಲ್ಲಿ ಅದು ಟ್ರಿಪ್ ಆಗಬೇಕು, ಮನೆ ಕತ್ತಲಾಗಬೇಕು, ಕಥೆ ಅಲ್ಲಿಗೆ ಮುಗಿಯಬೇಕು. ಅಂದರೆ ಸರಿಯಾದ ಅಳತೆಯ ವೈರ್ ಮತ್ತು ಸರಿಯಾದ ಎಂಸಿಬಿ ಇರುವ ಮನೆಯಲ್ಲಿ ಶಾರ್ಟ್ ಸರ್ಕ್ಯೂಟ್ ಎಂಬುದು ಒಂದು ತೊಂದರೆ ಅಷ್ಟೇ, ದುರಂತವಲ್ಲ. ಅದರಿಂದ ಮನೆ ಸುಟ್ಟಿತು ಎಂದರೆ ರಕ್ಷಣೆ ಕೆಲಸ ಮಾಡಲಿಲ್ಲ ಎಂದೇ ಅರ್ಥ. ಹಳೆಯ ಫ್ಯೂಸ್ ಪದೇಪದೇ ಹೋಗುತ್ತದೆಂದು ಯಾರೋ ಅದಕ್ಕೆ ದಪ್ಪ ತಾಮ್ರದ ಎಳೆ ಕಟ್ಟಿರುತ್ತಾರೆ. ಅಥವಾ 16 ಆಂಪಿಯರ್ ಎಂಸಿಬಿ ‘ಬೀಳುತ್ತಿದೆ’ ಎಂದು 32ರದ್ದು ಹಾಕಿರುತ್ತಾರೆ, ಹಿಂದಿನ ವೈರ್ ಮಾತ್ರ ಹಳೆಯದೇ.

ಇದಕ್ಕಿಂತ ಅಪಾಯಕಾರಿ ಇನ್ನೊಂದಿದೆ. ಅದು ಸದ್ದಿಲ್ಲದ್ದು. ಸ್ವಿಚ್‌ಬೋರ್ಡಿನ ಒಳಗೆ ಸಡಿಲವಾದ ಒಂದು ಸ್ಕ್ರೂ, ಬರೀ ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಒಂದು ಜಾಯಿಂಟ್. ಅಂಥ ಜಾಗದಲ್ಲಿ ಒಂದು ಓಮ್‌ನಷ್ಟು ಪ್ರತಿರೋಧ ಹುಟ್ಟಿಕೊಂಡಿದೆ ಎಂದಿಟ್ಟುಕೊಳ್ಳಿ. ಗೀಸರ್‌ಗೆ ಹೋಗುವ 10 ಆಂಪಿಯರ್ ಅದರ ಮೂಲಕ ಹರಿದರೆ ಅಲ್ಲಿ 100 ವ್ಯಾಟ್ ಶಾಖ ಏಳುತ್ತದೆ. ಹಳೆಯ ಕಾಲದ ನೂರು ವ್ಯಾಟಿನ ಬಲ್ಬನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿಟ್ಟ ಹಾಗೆ. ಎಂಸಿಬಿಗೆ ಇದು ಕಾಣುವುದೇ ಇಲ್ಲ. ಅದರ ಲೆಕ್ಕದಲ್ಲಿ ಹರಿಯುತ್ತಿರುವುದು 10 ಆಂಪಿಯರ್, ಎಲ್ಲವೂ ಸರಿ. ವಾರಗಟ್ಟಲೆ ಕಾದ ಜಾಗದಲ್ಲಿ ಇನ್ಸುಲೇಷನ್ ಕರಗಿ, ಕೊನೆಗೆ ಎರಡು ತಂತಿ ತಾಗಿ ಕಿಡಿ ಹಾರುತ್ತದೆ. ಸುಟ್ಟ ನಂತರ ಬಂದವರಿಗೆ ಕಾಣುವುದು ಆ ಕೊನೆಯ ಕ್ಷಣ ಮಾತ್ರ. ವರದಿಯಲ್ಲಿ ‘ಶಾರ್ಟ್ ಸರ್ಕ್ಯೂಟ್’ ಎಂದು ಬರೆಯುತ್ತಾರೆ.

ಇನ್ನು ಶಾಕ್. ಮನುಷ್ಯನ ದೇಹದ ಮೂಲಕ 50ರಿಂದ 100 ಮಿಲಿಆಂಪಿಯರ್ ಹರಿದರೆ ಹೃದಯದ ಬಡಿತ ತಾಳ ತಪ್ಪಲು ಸಾಕು. 16 ಆಂಪಿಯರ್ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲದ ಪ್ರಮಾಣ, ಅದು ಬೀಳುವುದಿಲ್ಲ. ‘ನಮ್ಮ ಮನೆಯಲ್ಲಿ ಎಂಸಿಬಿ ಇದೆ, ಭಯವಿಲ್ಲ’ ಎನ್ನುವವರು ಗಮನಿಸಬೇಕಾದ್ದು ಇದನ್ನು. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ಅದು ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೂ ಸಂಪರ್ಕ ಕತ್ತರಿಸುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಪಘಾತ ಸಾವುಗಳ ವರದಿಗಳನ್ನು ನೋಡಿದರೆ ಇತ್ತೀಚಿನ ವರ್ಷಗಳಲ್ಲಿ ವಿದ್ಯುತ್ ಆಘಾತದಿಂದಲೇ ದೇಶದಲ್ಲಿ ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ. ದಿನಕ್ಕೆ ಮೂವತ್ತಕ್ಕೂ ಹೆಚ್ಚು ಸಾವು. ಬೆಂಕಿಯ ಸಾವುಗಳ ಲೆಕ್ಕ ಇದರಿಂದ ಹೊರಗೆ.

ಮೀಟರ್ ಎಂಬ ಗಡಿ

ಕಾನೂನಿನ ಕಣ್ಣಲ್ಲಿ ಮನೆಯ ಮೀಟರ್ ಒಂದು ಗಡಿ. ಅದರ ಆಚೆ ಇರುವ ತಂತಿ, ಕಂಬ, ಟ್ರಾನ್ಸ್‌ಫಾರ್ಮರ್ ವಿದ್ಯುತ್ ಕಂಪನಿಯದ್ದು. ಈಚೆ ಇರುವುದೆಲ್ಲ ಗ್ರಾಹಕರದ್ದು.

ಆಚೆ ಬದಿಯಲ್ಲಿ ಕಾನೂನು ಕಟ್ಟುನಿಟ್ಟಾಗಿದೆ. ರಸ್ತೆಯ ಮೇಲೆ ತಂತಿ ಕಡಿದು ಬಿದ್ದು ಯಾರಾದರೂ ಸತ್ತರೆ ಕಂಪನಿಯ ನಿರ್ಲಕ್ಷ್ಯವನ್ನು ಬೇರೆಯಾಗಿ ಸಾಬೀತು ಮಾಡುವ ಅಗತ್ಯವಿಲ್ಲ, ಹೊಣೆ ಕಂಪನಿಯದ್ದೇ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಮಧ್ಯಪ್ರದೇಶ ವಿದ್ಯುತ್ ಮಂಡಳಿ ವಿರುದ್ಧದ ಶೈಲ್ ಕುಮಾರಿ ಪ್ರಕರಣದಲ್ಲಿ ಹೇಳಿತ್ತು. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಹಸುಗೂಸು ಸತ್ತಾಗ ಇಡೀ ರಾಜ್ಯ ಬೆಸ್ಕಾಂನತ್ತ ಬೆರಳು ತೋರಿಸಿತು. ತೋರಿಸಲು ಅಲ್ಲಿ ಒಂದು ಹೆಸರಾದರೂ ಇತ್ತು.

ಈಚೆ ಬದಿಯಲ್ಲಿ? ನಿಯಮಗಳು ಇಲ್ಲವೆಂದಲ್ಲ. ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು, 2023ರಲ್ಲಿ ಅವುಗಳ ಜಾಗಕ್ಕೆ ಹೊಸವು ಬಂದವು. ಓದಿದರೆ ಯಾವ ಮುಂದುವರಿದ ದೇಶಕ್ಕೂ ಕಡಿಮೆಯಿಲ್ಲ ಅನಿಸುತ್ತದೆ. 2 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿನ ಲೋಡ್ ಇರುವ ಮನೆಗಳಲ್ಲಿ 30 ಮಿಲಿಆಂಪಿಯರ್‌ಗೆ ಬೀಳುವ ಸೋರಿಕೆ ರಕ್ಷಣಾ ಸಾಧನ ಇರಲೇಬೇಕು. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಿಸುವಂಥ ಚಿಲ್ಲರೆ ಕೆಲಸ ಬಿಟ್ಟರೆ ಉಳಿದ ಯಾವ ವೈರಿಂಗ್ ಕೆಲಸವನ್ನೂ ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರರೇ ಮಾಡಿಸಬೇಕು, ಅರ್ಹತಾ ಪ್ರಮಾಣಪತ್ರ ಇರುವ ಮೇಲ್ವಿಚಾರಕರು ಎದುರಿಗಿರಬೇಕು, ಕೆಲಸಗಾರನ ಬಳಿ ಪರ್ಮಿಟ್ ಇರಬೇಕು. ಹೊಸ ಸಂಪರ್ಕಕ್ಕೆ ಮುನ್ನ ಪರೀಕ್ಷೆ ಆಗಬೇಕು. ಆಮೇಲೂ ನಿಗದಿತ ಅವಧಿಗೊಮ್ಮೆ, ಗರಿಷ್ಠ ಐದು ವರ್ಷದೊಳಗೆ, ತಪಾಸಣೆ ಆಗಬೇಕು.

ತೊಡಕು ಇರುವುದು ಆ ತಪಾಸಣೆಯನ್ನು ಯಾರು ಮಾಡಬೇಕು ಎಂಬಲ್ಲಿ. ರಾಜ್ಯ ಸರ್ಕಾರ ಅಧಿಸೂಚಿಸಿದ ವೋಲ್ಟೇಜ್‌ಗಿಂತ ಮೇಲಿನ ಸ್ಥಾವರಗಳನ್ನು ಸರ್ಕಾರಿ ವಿದ್ಯುತ್ ಪರಿವೀಕ್ಷಕರು ನೋಡುತ್ತಾರೆ. ಅದಕ್ಕಿಂತ ಕೆಳಗಿನವು, ಅಂದರೆ ಸಾಮಾನ್ಯ ಮನೆ, ಅಂಗಡಿ, ಸಣ್ಣ ಹೋಟೆಲ್, ‘ಸ್ವಯಂ ದೃಢೀಕರಣ’ದ ಪಾಲಿಗೆ. ಮಾಲೀಕರೇ ತಪಾಸಣೆ ಮಾಡಿಸಿ ತಾವೇ ಪ್ರಮಾಣೀಕರಿಸಬೇಕು. ಇದಕ್ಕಾಗಿ ‘ಚಾರ್ಟರ್ಡ್ ಎಲೆಕ್ಟ್ರಿಕಲ್ ಸೇಫ್ಟಿ ಎಂಜಿನಿಯರ್’ ಎಂಬ ಹುದ್ದೆಯನ್ನೂ ನಿಯಮದಲ್ಲಿ ಸೃಷ್ಟಿಸಲಾಗಿದೆ. ನಿಮ್ಮ ವಠಾರದಲ್ಲಿ, ನಿಮ್ಮ ಸೊಸೈಟಿಯಲ್ಲಿ ಯಾರಾದರೂ ಅಂಥವರನ್ನು ಕರೆಸಿ ಮನೆಯ ವೈರಿಂಗ್ ಪರೀಕ್ಷೆ ಮಾಡಿಸಿದ್ದನ್ನು ಕೇಳಿದ್ದೀರಾ? ಹಾಗೊಂದು ಕರ್ತವ್ಯ ತಮಗಿದೆ ಎಂಬುದೇ ಕೋಟ್ಯಂತರ ಮನೆ ಮಾಲೀಕರಿಗೆ ಗೊತ್ತಿಲ್ಲ. ಗೊತ್ತಿಲ್ಲದ ಕರ್ತವ್ಯವನ್ನು ಸ್ವಯಂ ದೃಢೀಕರಿಸುವುದು ಹೇಗೆ?

ಹೊಸ ಸಂಪರ್ಕದ ವೇಳೆ ನಡೆಯುವ ಪರೀಕ್ಷೆಯಾದರೂ ಗಟ್ಟಿಯೇ ಎಂದರೆ ಅದೂ ಇಲ್ಲ. ನಿಯಮದ ಪ್ರಕಾರ ಕಂಪನಿ ತಾನೇ ಪರೀಕ್ಷಿಸಬಹುದು, ಇಲ್ಲವೇ ಲೈಸೆನ್ಸ್ ಇರುವ ಗುತ್ತಿಗೆದಾರ ಸಹಿ ಮಾಡಿದ ಪರೀಕ್ಷಾ ವರದಿಯನ್ನು ಒಪ್ಪಬಹುದು. ಎರಡನೆಯದು ಸುಲಭ, ಹಾಗಾಗಿ ರೂಢಿ. ವೈರಿಂಗ್ ಮಾಡಿದವರು ಒಬ್ಬರು, ಸಹಿ ಹಾಕಿದವರು ಇನ್ನೊಬ್ಬರು ಎಂಬುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಅದರ ಮೇಲೆ ಈಗ ವೇಗದ ಒತ್ತಡವೂ ಇದೆ. 2024ರಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ಮಹಾನಗರಗಳಲ್ಲಿ ಹೊಸ ಸಂಪರ್ಕದ ಗಡುವನ್ನು 7 ದಿನದಿಂದ 3 ದಿನಕ್ಕೆ ಇಳಿಸಿತು. ಗ್ರಾಹಕರ ದೃಷ್ಟಿಯಿಂದ ಒಳ್ಳೆಯದೇ. ಆದರೆ ಮೂರು ದಿನದಲ್ಲಿ ಮೀಟರ್ ಕೂರಿಸಬೇಕಾದ ಎಂಜಿನಿಯರ್ ಮನೆಯೊಳಗೆ ಬಂದು ಇನ್ಸುಲೇಷನ್ ಅಳೆಯುತ್ತಾರೆ ಎಂದು ನಂಬಲು ಕಷ್ಟ.

ಕಾಗದ ನೋಡುವುದರಲ್ಲಿ ಮಾತ್ರ ನಮ್ಮ ವ್ಯವಸ್ಥೆ ಹಿಂದೆ ಬಿದ್ದಿಲ್ಲ. ಸ್ವಾಧೀನಾನುಭವ ಪ್ರಮಾಣಪತ್ರ ಇಲ್ಲದ ಕಟ್ಟಡಗಳಿಗೆ ವಿದ್ಯುತ್ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ತೀರ್ಪು ನೀಡಿದ ಬಳಿಕ ಕರ್ನಾಟಕದಲ್ಲಿ ಎಷ್ಟೋ ಹೊಸ ಮನೆಗಳು ತಾತ್ಕಾಲಿಕ ಸಂಪರ್ಕದಲ್ಲೇ ತಿಂಗಳುಗಟ್ಟಲೆ ಕಳೆದವು. 1,200 ಚದರಡಿವರೆಗಿನ ನಿವೇಶನಗಳ ಮನೆಗಳಿಗೆ ವಿನಾಯಿತಿ ನೀಡಲು ರಾಜ್ಯ ಸರ್ಕಾರ 2025ರಲ್ಲಿ ಮುಂದಾಯಿತು. ಇಡೀ ವಾದ ನಡೆದದ್ದು ನಕ್ಷೆಯ ಮೇಲೆ. ವಿದ್ಯುತ್ ಸಂಪರ್ಕವನ್ನು ಹಿಡಿತವಾಗಿ ಬಳಸಿದ್ದು ಕಟ್ಟಡದ ಎತ್ತರ, ಸೆಟ್‌ಬ್ಯಾಕ್ ಸರಿಪಡಿಸಲು. ಅದೇ ಹಿಡಿತವನ್ನು ಒಳಗಿನ ವೈರಿಂಗ್ ಸರಿಪಡಿಸಲು ಬಳಸುವ ಯೋಚನೆ ಯಾರಿಗೂ ಬಂದಂತಿಲ್ಲ.

ಲೋಡ್ ಏರಿತು, ವೈರ್ ಅಲ್ಲೇ ಉಳಿಯಿತು

ಮುಂಬಯಿಯ ಚಾಳ್‌ಗಳು, ಪುಣೆಯ ಪೇಠ್‌ಗಳ ಹಳೆಯ ವಾಡೆಗಳು, ದೆಹಲಿಯ ಡಿಡಿಎ ಫ್ಲ್ಯಾಟ್‌ಗಳು, ಚೆನ್ನೈನ ಹಳೆಯ ಬಡಾವಣೆಗಳು. ಇವುಗಳಲ್ಲಿ ಬಹಳಷ್ಟು ಕಡೆ ವೈರಿಂಗ್ ಆದಾಗ ಮನೆಗೆ ಬೇಕಿದ್ದದ್ದು ನಾಲ್ಕು ದೀಪ, ಎರಡು ಫ್ಯಾನ್, ಒಂದು ಇಸ್ತ್ರಿಪೆಟ್ಟಿಗೆ, ಅನುಕೂಲಸ್ಥರಾದರೆ ಒಂದು ಫ್ರಿಜ್. ಈಗ ಅದೇ ಮನೆಯಲ್ಲಿ ಒಂದೂವರೆ ಟನ್ ಎಸಿ, 2 ಕಿಲೋವ್ಯಾಟ್ ಗೀಸರ್, ಇಂಡಕ್ಷನ್ ಒಲೆ, ವಾಷಿಂಗ್ ಮಷಿನ್, ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್. ಗೀಸರ್ ಒಂದೇ 9 ಆಂಪಿಯರ್ ಎಳೆಯುತ್ತದೆ, ಎಸಿ 7ರ ಆಸುಪಾಸು, ಇಂಡಕ್ಷನ್ ಮತ್ತೆ 9. ಮೂರೂ ಒಂದೇ ಸರ್ಕ್ಯೂಟಿನಲ್ಲಿ ಸೇರಿಕೊಂಡರೆ ಯಾವ ಸಾಧಾರಣ ವೈರೂ ತಡೆಯದು. 70, 80ರ ದಶಕದ ಕೆಲವು ಕಟ್ಟಡಗಳಲ್ಲಿ ಅಲ್ಯೂಮಿನಿಯಂ ತಂತಿ ಇನ್ನೂ ಗೋಡೆಯೊಳಗಿದೆ. ಅಲ್ಯೂಮಿನಿಯಂ ಬಿಸಿಯಾಗಿ ತಣ್ಣಗಾಗುತ್ತಾ ಸ್ಕ್ರೂ ಕೆಳಗಿನಿಂದ ಮೆಲ್ಲಗೆ ಸಡಿಲಗೊಳ್ಳುತ್ತದೆ, ಮೇಲ್ಮೈಯಲ್ಲಿ ಆಕ್ಸೈಡ್ ಪದರ ಕಟ್ಟುತ್ತದೆ. ಮೇಲೆ ಹೇಳಿದ ಆ ಸದ್ದಿಲ್ಲದ ಶಾಖಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ?

ಸ್ಮಾರ್ಟ್ ಮೀಟರ್ ಬಂದಲ್ಲಿ ಒಂದು ವಿಚಿತ್ರ ನಡೆಯುತ್ತಿದೆ. ಮನೆ ಗರಿಷ್ಠ ಎಷ್ಟು ಲೋಡ್ ಎಳೆಯಿತು ಎಂಬುದು ಈಗ ಕಂಪನಿಗೆ ತಿಂಗಳು ತಿಂಗಳು ಕಾಣುತ್ತದೆ. ಮಂಜೂರಾದ ಲೋಡ್ ಮೀರಿದರೆ ಲೋಡ್ ಹೆಚ್ಚಿಸಿಕೊಳ್ಳಿ ಎಂಬ ನೋಟಿಸ್ ಬರುತ್ತದೆ, ನಿಗದಿತ ಶುಲ್ಕ ಏರುತ್ತದೆ. ಗ್ರಾಹಕರು ಹಣ ಕಟ್ಟುತ್ತಾರೆ. ಕಾಗದದಲ್ಲಿ 2 ಕಿಲೋವ್ಯಾಟ್ ಇದ್ದದ್ದು 5 ಆಗುತ್ತದೆ. ಗೋಡೆಯೊಳಗಿನ ವೈರ್ ಮಾತ್ರ 2 ಕಿಲೋವ್ಯಾಟಿನದ್ದೇ. ನಿಜವಾಗಿ ನೋಡಿದರೆ ಈ ಮನೆಯ ವೈರಿಂಗ್ ಪರೀಕ್ಷೆ ಆಗಬೇಕು ಎಂದು ಹೇಳಲು ಇದಕ್ಕಿಂತ ಸ್ಪಷ್ಟ ಸೂಚನೆ ಇನ್ನೊಂದಿಲ್ಲ. ಆ ಮಾಹಿತಿ ಬಿಲ್ಲಿಂಗ್ ವಿಭಾಗಕ್ಕೆ ಹೋಗುತ್ತದೆ, ಸುರಕ್ಷತೆಯ ಕಡೆಗೆ ಹೋಗುವುದಿಲ್ಲ.

ಆರ್‌ಸಿಸಿಬಿಯ ಕಥೆ ಇನ್ನೂ ಬೇಸರದ್ದು. ಕಾನೂನು ಕಡ್ಡಾಯ ಮಾಡಿದೆ, ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಬಿಲ್ಡರ್‌ಗಳು ಹಾಕಿಯೂ ಕೊಡುತ್ತಾರೆ. ಎರಡು ವರ್ಷದ ನಂತರ ಹೋಗಿ ನೋಡಿದರೆ ಎಷ್ಟೋ ಮನೆಗಳಲ್ಲಿ ಅದನ್ನು ಬೈಪಾಸ್ ಮಾಡಿರುತ್ತಾರೆ. ಕಾರಣ ಹೆಚ್ಚಾಗಿ ಇನ್ವರ್ಟರ್. ಇನ್ವರ್ಟರ್ ಕೂರಿಸಲು ಬಂದವರು ಅದರ ಲೈನಿನ ನ್ಯೂಟ್ರಲ್ಲನ್ನು ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಜತೆ ಸೇರಿಸಿಬಿಡುತ್ತಾರೆ. ಹೋದ ದಾರಿಯಲ್ಲಿ ಕರೆಂಟ್ ವಾಪಸ್ ಬರದಿದ್ದರೆ ಆರ್‌ಸಿಸಿಬಿ ಬೀಳುತ್ತದೆ, ಅದರ ಕೆಲಸವೇ ಅದು. ಮನೆಯವರಿಗೆ ಕಿರಿಕಿರಿ. ಫೋನ್ ಮಾಡಿದಾಗ ಬಂದ ಎಲೆಕ್ಟ್ರಿಷಿಯನ್ ನ್ಯೂಟ್ರಲ್ ಬೇರೆ ಮಾಡಲು ಅರ್ಧ ದಿನ ಬೇಕು, ಆರ್‌ಸಿಸಿಬಿ ತಪ್ಪಿಸಲು ಐದು ನಿಮಿಷ ಸಾಕು ಎಂದು ಲೆಕ್ಕ ಹಾಕುತ್ತಾನೆ. ‘ಇದು ಸುಮ್ಮನೆ ಟ್ರಿಪ್ ಆಗುತ್ತೆ ಸಾರ್, ತೆಗೆದಿದ್ದೀನಿ’ ಎಂದು ಹೇಳಿ ಹೋದವನಿಗೆ ಮನೆಯವರು ಥ್ಯಾಂಕ್ಸ್ ಕೂಡ ಹೇಳಿರುತ್ತಾರೆ.

ಹಾಗೆಂದು ಎಲೆಕ್ಟ್ರಿಷಿಯನ್ ಒಬ್ಬನನ್ನೇ ದೂರಿ ಫಲವಿಲ್ಲ. ಐಟಿಐಯ ಎಲೆಕ್ಟ್ರಿಷಿಯನ್ ಕೋರ್ಸ್ ಎರಡು ವರ್ಷದ್ದು. ಅದನ್ನು ಮುಗಿಸಿ ಪರ್ಮಿಟ್ ಪಡೆದವರು ಕಾರ್ಖಾನೆ, ಮೆಟ್ರೊ, ಗಲ್ಫ್ ಕಡೆ ನೋಡುತ್ತಾರೆ. ಬೀದಿ ಬದಿಯ ಎಲೆಕ್ಟ್ರಿಕಲ್ ಅಂಗಡಿಯಿಂದ ನಮ್ಮ ಮನೆಗೆ ಬರುವವರು ಹೆಚ್ಚಾಗಿ ಇನ್ನೊಬ್ಬರ ಕೈಕೆಳಗೆ ನೋಡಿ ಕಲಿತವರು. ಮಲ್ಟಿಮೀಟರ್ ಕೂಡ ಇಲ್ಲದೆ ಟೆಸ್ಟರ್ ಒಂದನ್ನೇ ಜೇಬಿಗಿಟ್ಟು ಬರುತ್ತಾರೆ. ಆ್ಯಪ್ ಮೂಲಕ ಕರೆಸಿದರೂ ದರ ನಿಗದಿಯಾಗುವುದು ‘ಒಂದು ಸ್ವಿಚ್‌ಗೆ ಇಷ್ಟು, ಒಂದು ಫ್ಯಾನ್‌ಗೆ ಇಷ್ಟು’ ಎಂದೇ. ಪರೀಕ್ಷೆಗೆ ಅಲ್ಲಿ ಬೆಲೆಯಿಲ್ಲ. ಲೈಸೆನ್ಸ್ ತೋರಿಸಿ ಎಂದು ಕೇಳುವ ಗ್ರಾಹಕರೂ ಇಲ್ಲ.

ದುರಸ್ತಿಯ ಗುಣಮಟ್ಟ ಎಷ್ಟು ಜೀವಗಳ ಪ್ರಶ್ನೆ ಎಂಬುದಕ್ಕೆ ದೆಹಲಿಯ ಉಪಹಾರ್ ಚಿತ್ರಮಂದಿರಕ್ಕಿಂತ ದೊಡ್ಡ ಸಾಕ್ಷಿ ಬೇಡ. 1997ರ ಜೂನ್ 13ರ ಬೆಳಗ್ಗೆ ಅಲ್ಲಿನ ಟ್ರಾನ್ಸ್‌ಫಾರ್ಮರ್‌ನಲ್ಲಿ ತೊಂದರೆ ಕಾಣಿಸಿ, ವಿದ್ಯುತ್ ಮಂಡಳಿಯವರು ಬಂದು ದುರಸ್ತಿ ಮಾಡಿ ಹೋಗಿದ್ದರು. ಕೇಬಲ್ ತುದಿಯ ಸಾಕೆಟ್ಟನ್ನು ಕ್ರಿಂಪಿಂಗ್ ಯಂತ್ರದಿಂದ ಒತ್ತುವ ಬದಲು ಸುತ್ತಿಗೆಯಿಂದ ಬಡಿದು ಕೂರಿಸಿದ್ದರು ಎಂಬುದು ವಿಚಾರಣೆಯಲ್ಲಿ ಹೊರಬಂತು. ಸಂಜೆಯ ಹೊತ್ತಿಗೆ ಆ ಸಡಿಲ ಜಾಯಿಂಟಿನ ಕಿಡಿಗೆ ಟ್ರಾನ್ಸ್‌ಫಾರ್ಮರ್ ತೂತಾಗಿ ಎಣ್ಣೆ ಹೊತ್ತಿಕೊಂಡಿತು. ಹೊಗೆ ಮೇಲೇರಿ 59 ಮಂದಿ ಉಸಿರುಗಟ್ಟಿ ಸತ್ತರು. ಬಾಗಿಲು ಮುಚ್ಚಿದ್ದು, ದಾರಿ ಕಟ್ಟಿದ್ದು ನಮಗೆ ನೆನಪಿದೆ, ನೆನಪಿರಬೇಕಾದ್ದೇ. 2011ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರದ ಹೊಣೆಯಲ್ಲಿ 85 ಪಾಲು ಚಿತ್ರಮಂದಿರದ ಮಾಲೀಕರಿಗೆ, 15 ಪಾಲು ವಿದ್ಯುತ್ ಮಂಡಳಿಗೆ ಹಂಚಿತು. ಆದರೆ ಆ ದಿನದ ಮೊದಲ ತಪ್ಪು ಒಂದು ಜಾಯಿಂಟ್ ಎಂಬುದು ಸಾರ್ವಜನಿಕ ನೆನಪಿನಿಂದ ಜಾರಿಹೋಗಿದೆ.

ಹೋಟೆಲ್, ಅಂಗಡಿ, ಆಸ್ಪತ್ರೆ

ವ್ಯಾಪಾರದ ಜಾಗಗಳಲ್ಲಿ ಕಾಗದಗಳಿಗೆ ಬರವಿಲ್ಲ. ಮಹಾರಾಷ್ಟ್ರದ ಉದಾಹರಣೆ ನೋಡಿ. ಅಲ್ಲಿನ 2006ರ ಅಗ್ನಿ ತಡೆ ಕಾಯ್ದೆಯಡಿ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈನಲ್ಲಿ, ಲೈಸೆನ್ಸ್ ಇರುವ ಏಜೆನ್ಸಿಯಿಂದ ‘ಬಿ’ ನಮೂನೆಯ ಪ್ರಮಾಣಪತ್ರ ಸಲ್ಲಿಸಬೇಕು. ಬೆಂಕಿ ನಂದಿಸುವ ಸಿಲಿಂಡರ್, ಪೈಪ್, ಪಂಪು, ಅಲಾರಂ ಸರಿಯಿವೆ ಎಂದು ಅದು ಹೇಳುತ್ತದೆ. ಮುಂಬಯಿ, ಪುಣೆಗಳಲ್ಲಿ ಹೋಟೆಲ್ ನಡೆಸುವ ನಮ್ಮ ಕರಾವಳಿಯವರಿಗೆ ಈ ‘ಫಾರ್ಮ್ ಬಿ’ ಚೆನ್ನಾಗಿ ಗೊತ್ತು. ಬೆಂಕಿ ಹತ್ತಿದ ಮೇಲೆ ನಂದಿಸುವ ಸಾಮಗ್ರಿಗೆ ಆರು ತಿಂಗಳಿಗೊಮ್ಮೆ ಪರೀಕ್ಷೆ, ಬೆಂಕಿ ಹಚ್ಚಬಲ್ಲ ವೈರಿಂಗ್‌ಗೆ ಅಂಥ ಕಾಲಪಟ್ಟಿ ಇಲ್ಲ.

ಉಡುಪಿ ಹೋಟೆಲಿನ ಅಡುಗೆಮನೆಯನ್ನೇ ತೆಗೆದುಕೊಳ್ಳಿ. ಸದಾ ನೀರು ಹರಿಯುವ ನೆಲ, ಕಬ್ಬಿಣದ ಮೈಯ ಗ್ರೈಂಡರ್, ಎಣ್ಣೆ ಜಿಡ್ಡು ಹಿಡಿದ ಎಕ್ಸಾಸ್ಟ್, ಉಗಿ ತುಂಬಿದ ಗಾಳಿ, ಬರಿಗಾಲಿನ ಹುಡುಗರು. ಗ್ರೈಂಡರ್ ಮುಟ್ಟಿದರೆ ‘ಸ್ವಲ್ಪ ಜುಂ ಅನ್ನುತ್ತೆ’ ಎಂದು ಕೆಲಸದವರು ಹೇಳಿದಾಗ ಅದು ತಮಾಷೆಯ ಮಾತಲ್ಲ. ಅರ್ಥಿಂಗ್ ಕಡಿದಿದೆ, ಮೈಗೆ ಕರೆಂಟ್ ಸೋರುತ್ತಿದೆ ಎಂಬ ಪರೀಕ್ಷಾ ವರದಿ ಅದು, ಮೀಟರ್ ಬದಲು ಮನುಷ್ಯನ ಕೈಯಿಂದ ಬಂದದ್ದು. ವಿಮೆ ಇದೆಯಲ್ಲ ಎನ್ನುವ ಮಾಲೀಕರು ಪಾಲಿಸಿಯ ಹೊರಗಿಡುವ ಷರತ್ತುಗಳನ್ನು ಒಮ್ಮೆ ಓದಬೇಕು. ಸಾಮಾನ್ಯ ಅಗ್ನಿ ವಿಮೆಯಲ್ಲಿ ಶಾರ್ಟ್ ಸರ್ಕ್ಯೂಟ್, ಅತಿ ಬಿಸಿ, ಸೋರಿಕೆಯಿಂದ ಸುಟ್ಟ ಅದೇ ಉಪಕರಣಕ್ಕೆ ಪರಿಹಾರವಿಲ್ಲ. ಅಲ್ಲಿಂದ ಬೆಂಕಿ ಹರಡಿ ಬೇರೆ ಆಸ್ತಿ ಸುಟ್ಟರೆ ಮಾತ್ರ ಲೆಕ್ಕಕ್ಕೆ.

ದುರಂತದ ನಂತರ ‘ಎಲೆಕ್ಟ್ರಿಕಲ್ ಆಡಿಟ್’ ಎಂಬ ಮಾತು ಏಳುತ್ತದೆ. ಅದರ ಆಯುಸ್ಸು ಎಷ್ಟೆಂದು ಮಹಾರಾಷ್ಟ್ರದ ಆಸ್ಪತ್ರೆಗಳು 2021ರಲ್ಲಿ ತೋರಿಸಿದವು. ಜನವರಿ 9ರಂದು ಭಂಡಾರಾ ಜಿಲ್ಲಾಸ್ಪತ್ರೆಯ ನವಜಾತ ಶಿಶುಗಳ ವಾರ್ಡಿನಲ್ಲಿ 10 ಹಸುಗೂಸುಗಳು ಸತ್ತವು. ರಾಜ್ಯದ ಆಸ್ಪತ್ರೆಗಳ ತಪಾಸಣೆಗೆ ಆದೇಶವಾಯಿತು. ಏಪ್ರಿಲ್‌ನಲ್ಲಿ ವಿರಾರ್‌ನ ಆಸ್ಪತ್ರೆಯ ಐಸಿಯು ಹೊತ್ತಿತು. ನವೆಂಬರ್‌ನಲ್ಲಿ ಅಹಮದ್‌ನಗರ ಜಿಲ್ಲಾಸ್ಪತ್ರೆಯ ಐಸಿಯು. 2024ರ ನವೆಂಬರ್ 15ರ ರಾತ್ರಿ ಉತ್ತರ ಪ್ರದೇಶದ ಝಾನ್ಸಿ ವೈದ್ಯಕೀಯ ಕಾಲೇಜಿನಲ್ಲಿ ಮತ್ತೆ ನವಜಾತ ಶಿಶುಗಳ ವಾರ್ಡ್, ಆ ರಾತ್ರಿಯೇ 10 ಶಿಶುಗಳ ಸಾವು. ದಿನದ 24 ಗಂಟೆ ವಾರ್ಮರ್, ವೆಂಟಿಲೇಟರ್, ಎಸಿ ಓಡುವ, ಆಮ್ಲಜನಕ ತುಂಬಿದ ಕೋಣೆಯ ವೈರಿಂಗ್ ಇತರ ಕೋಣೆಗಳಂತೆಯೇ ಇದ್ದರೆ ಸಾಲದು ಎಂಬುದನ್ನು ಪ್ರತಿ ಬಾರಿಯೂ ಹೊಸದಾಗಿ ಕಲಿಯುತ್ತಿದ್ದೇವೆ.

ಬಾಡಿಗೆದಾರರು ಏನು ಕೇಳಬಹುದು?

ಇಂಗ್ಲೆಂಡಿನಲ್ಲಿ 2020ರಲ್ಲಿ ಒಂದು ನಿಯಮ ಬಂತು. ಬಾಡಿಗೆಗೆ ಕೊಟ್ಟ ಮನೆಯ ವೈರಿಂಗ್ ಅನ್ನು ಮಾಲೀಕರು ಐದು ವರ್ಷಕ್ಕೊಮ್ಮೆ ಅರ್ಹರಿಂದ ಪರೀಕ್ಷಿಸಿ ವರದಿಯ ಪ್ರತಿಯನ್ನು 28 ದಿನದೊಳಗೆ ಬಾಡಿಗೆದಾರರಿಗೆ ಕೊಡಬೇಕು. ದೋಷ ಕಂಡರೆ ಮತ್ತೆ 28 ದಿನದೊಳಗೆ ಸರಿಪಡಿಸಬೇಕು, ತಪ್ಪಿದರೆ ಸ್ಥಳೀಯ ಆಡಳಿತ ದಂಡ ಹಾಕುತ್ತದೆ. 2021ರ ಏಪ್ರಿಲ್ 1ರಿಂದ ಹಳೆಯ ಬಾಡಿಗೆಗಳಿಗೂ ಇದು ಅನ್ವಯವಾಯಿತು. ಜಪಾನಿನಲ್ಲಂತೂ ಸಾಮಾನ್ಯ ಮನೆಗಳನ್ನು ನಾಲ್ಕು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವುದು ವಿದ್ಯುತ್ ಕಂಪನಿಯದ್ದೇ ಕೆಲಸ. ಮೀಟರ್ ಅಲ್ಲಿ ಹೊಣೆಯ ಗಡಿಯಲ್ಲ.

ನಮ್ಮಲ್ಲಿ 2021ರ ಮಾದರಿ ಬಾಡಿಗೆ ಕಾಯ್ದೆ ಇದೆ. ಅದರ ಅನುಸೂಚಿಯಲ್ಲಿ ಒಳಗಿನ ಮತ್ತು ಹೊರಗಿನ ವೈರಿಂಗ್ ಮಾಲೀಕರ ಹೊಣೆ, ಸ್ವಿಚ್ ಮತ್ತು ಸಾಕೆಟ್ ರಿಪೇರಿ ಬಾಡಿಗೆದಾರರ ಹೊಣೆ ಎಂದು ಹಂಚಿಕೆ ಮಾಡಲಾಗಿದೆ. ಆದರೆ ಇದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿ ತಮ್ಮ ಕಾನೂನು ಮಾಡಬೇಕು. ಅದಲ್ಲದೆ ಅಲ್ಲಿ ಇರುವುದು ರಿಪೇರಿಯ ಮಾತು, ಪರೀಕ್ಷೆಯ ಮಾತಲ್ಲ. ಸುಟ್ಟ ಮೇಲೆ ಯಾರು ಸರಿಮಾಡಿಸಬೇಕು ಎಂಬುದಕ್ಕೆ ಉತ್ತರವಿದೆ, ಸುಡುವ ಮುನ್ನ ಯಾರು ನೋಡಬೇಕು ಎಂಬುದಕ್ಕಿಲ್ಲ.

ದೇಶದ ಕೋಟ್ಯಂತರ ಮನೆಗಳಿಗೆ ಇನ್‌ಸ್ಪೆಕ್ಟರ್ ಕಳುಹಿಸುವುದು ಆಗದ ಮಾತು ಎಂಬ ವಾದದಲ್ಲಿ ಸತ್ಯವಿದೆ. ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ವಿದ್ಯುತ್ ಪರಿವೀಕ್ಷಣಾ ಇಲಾಖೆಗೆ ಲಿಫ್ಟ್ ತಪಾಸಣೆ, ವಿದ್ಯುತ್ ತೆರಿಗೆಯ ಕೆಲಸವೂ ಇದೆ. ಇನ್‌ಸ್ಪೆಕ್ಟರ್ ರಾಜ್ ಮರಳಿ ಬರುತ್ತದೆ ಎಂಬ ಭಯವೂ ಸುಳ್ಳಲ್ಲ. ಆದರೆ ಎಲ್ಲ ಮನೆಗಳನ್ನೂ ಒಮ್ಮೆಲೇ ನೋಡಬೇಕಿಲ್ಲ. ಗ್ರಾಹಕರು ಕಂಪನಿಯ ಬಾಗಿಲಿಗೆ ತಾವಾಗಿಯೇ ಬರುವ ಸಂದರ್ಭಗಳಿವೆ: ಲೋಡ್ ಹೆಚ್ಚಳ, ಹೆಸರು ಬದಲಾವಣೆ, ಮನೆಯ ಸಂಪರ್ಕವನ್ನು ವಾಣಿಜ್ಯಕ್ಕೆ ಬದಲಿಸುವುದು, ಪಿಎಂ ಸೂರ್ಯ ಘರ್ ಯೋಜನೆಯಡಿ ಚಾವಣಿ ಸೋಲಾರ್‌ಗೆ ಅರ್ಜಿ, ವಾಹನ ಚಾರ್ಜಿಂಗ್ ಪಾಯಿಂಟ್. ಇವುಗಳಿಗೆ ಸ್ವತಂತ್ರ ಎಂಜಿನಿಯರ್ ಒಬ್ಬರ ಪರೀಕ್ಷಾ ವರದಿಯನ್ನು ಜೋಡಿಸಿದರೆ ಕೆಲವೇ ವರ್ಷಗಳಲ್ಲಿ ಅಪಾಯದ ಮನೆಗಳಲ್ಲಿ ದೊಡ್ಡ ಪಾಲು ಜಾಲರಿಗೆ ಸಿಗುತ್ತದೆ. ಸೋಲಾರ್‌ಗೆ 78 ಸಾವಿರ ರೂಪಾಯಿವರೆಗೆ ಸಹಾಯಧನ ಕೊಡುವ ಸರ್ಕಾರಕ್ಕೆ ಅದೇ ಮನೆಗೆ ಒಂದು ಆರ್‌ಸಿಸಿಬಿ ಕೊಡಿಸುವುದು ದುಬಾರಿಯಲ್ಲ.

ಅಲ್ಲಿಯವರೆಗೆ ಓದುಗರು ಕೇಳಬಹುದಾದದ್ದು ಇಷ್ಟು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಮೀಟರ್ ಬೋರ್ಡ್ ತೆರೆದು ನೋಡಿ. ಫ್ಯೂಸ್ ಕಟ್ಟಿದ ಹಳೆಯ ಬೋರ್ಡಾಗಿದ್ದರೆ ಎಂಸಿಬಿ, ಆರ್‌ಸಿಸಿಬಿ ಹಾಕಿಸಿಕೊಡುವಂತೆ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ, ಆಮೇಲೆ ಕೇಳಿದರೆ ಸಿಗುವುದಿಲ್ಲ. ಪಿಜಿಯ ಗೀಸರ್ ಪ್ಲಗ್‌ನಲ್ಲಿ ಕಪ್ಪು ಕಲೆ ಅಥವಾ ಸುಟ್ಟ ವಾಸನೆ ಇದ್ದರೆ ಆ ಪಾಯಿಂಟ್ ಬಳಸಬೇಡಿ. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಬಣ್ಣದ ಖರ್ಚಿನ ಚರ್ಚೆ ನಡೆಯುವಾಗ ಮೀಟರ್ ರೂಮಿನ ತಪಾಸಣೆಯನ್ನೂ ಪಟ್ಟಿಗೆ ಸೇರಿಸಿ. ಮೀಟರ್ ರೂಮಿನಲ್ಲಿ ಹಳೆಯ ಸೈಕಲ್, ಬಣ್ಣದ ಡಬ್ಬ, ಪೊರಕೆ ತುಂಬಿದ್ದರೆ ಮೊದಲು ಅವನ್ನು ಹೊರಗೆ ಹಾಕಿಸಿ. ಪರೀಕ್ಷೆಗೆ ಬಂದವರು ಮೆಗ್ಗರ್ ಹಿಡಿದು ಇನ್ಸುಲೇಷನ್ ಅಳೆದರೇ, ಅರ್ಥಿಂಗ್‌ನ ಓಮ್ ಎಷ್ಟೆಂದು ಬರೆದುಕೊಟ್ಟರೇ ನೋಡಿ. ಅಂಕಿ ಇಲ್ಲದೆ ಬರೀ ‘ಎಲ್ಲಾ ಓಕೆ’ ಎಂದರೆ ಅದು ಪರೀಕ್ಷೆಯಲ್ಲ. ಎರಡು ಕೋಣೆಯ ಮನೆಗೆ ಇದೆಲ್ಲ ಅರ್ಧ ದಿನದ ಕೆಲಸ.

ಮನೆಯಲ್ಲಿ ಆರ್‌ಸಿಸಿಬಿ ಇದ್ದರೆ ಅದರ ಮೇಲೆ ‘ಟಿ’ ಎಂದು ಬರೆದ ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ. ಕರೆಂಟ್ ಹೋಗದಿದ್ದರೆ ಅದು ಕೆಟ್ಟಿದೆ ಇಲ್ಲವೇ ಯಾರೋ ಬೈಪಾಸ್ ಮಾಡಿದ್ದಾರೆ. ಹೋದರೆ, ಆ ಸಾಧನ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ಅರ್ಥಿಂಗ್ ಬಗ್ಗೆ, ಗೋಡೆಯೊಳಗಿನ ಜಾಯಿಂಟ್ ಬಗ್ಗೆ ಆ ಗುಂಡಿ ಏನನ್ನೂ ಹೇಳುವುದಿಲ್ಲ. ಅದಕ್ಕೆ ಮೆಗ್ಗರ್ ಹಿಡಿದವರೇ ಬರಬೇಕು.